ಲೋಮಾಂಗದ ಪೊರೆ: ಕೊಬ್ಬಿನ ಲೆಕ್ಕ ಸಿಕ್ಕ ಬಗೆ

ಏಕಕೋಶ ಜೀವಿಗಳ ಮೈಮೇಲಿನ ಲೋಮಾಂಗಗಳು ಕಣ್ಣಿಗೆ ಬಿದ್ದು ಮೂರೂವರೆ ಶತಮಾನವಾಯಿತು. ಅವುಗಳ ಪೊರೆ ಯಾವುದರಿಂದ ಆಗಿದೆಯೆಂದು ತಿಳಿದದ್ದು ತೀರ ಈಚೆಗೆ. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ನೀರಿನ ಸೂಕ್ಷ್ಮಜೀವಿಗಳು ಬಲು ತೆಳುವಾದ ಕಾಲುಗಳನ್ನು ಆಡಿಸುವುದನ್ನು ವರ್ಣಿಸಿದ. ಡೆನ್ಮಾರ್ಕಿನ ಓಟೊ ಫ್ರೆಡ್ರಿಕ್ ಮ್ಯೂಲರ್‌ನ 1786ರ ಗ್ರಂಥದಲ್ಲಿ ಅವಕ್ಕೆ ರೆಪ್ಪೆಗೂದಲು ಎಂಬರ್ಥದ ‘ಸಿಲಿಯಾ’ ಎಂಬ ಹೆಸರಿದೆ. ಮುಂದಿನ ಕುತೂಹಲವೆಲ್ಲ ಬಹುಪಾಲು ಅವು ಅಲುಗಾಡುವ ಬಗೆಯ ಮೇಲೆ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಒಳಗಿನ ಕೊಳವೆಗಳ 9+2 ಜೋಡಣೆಯನ್ನು ತೋರಿಸಿದಾಗಲೂ ಸುತ್ತಲಿನ ಪೊರೆಯತ್ತ ಹೆಚ್ಚು ಗಮನ ಹರಿಯಲಿಲ್ಲ.

ಅದಕ್ಕೆ ಕಾರಣ ಉದಾಸೀನವಷ್ಟೇ ಅಲ್ಲ. ಪ್ಯಾರಾಮೀಸಿಯಂನಂಥ ಜೀವಿ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುತ್ತದೆ. ಅರೆದು ಪರೀಕ್ಷಿಸಿದರೆ ಸಿಕ್ಕ ಕೊಬ್ಬು ತಿಂದವನದೋ ತಿನಿಸಿನದೋ ಹೇಳುವುದು ಕಷ್ಟ. ಈ ತೊಡಕನ್ನು ಬಿಡಿಸಿದ್ದು ಟೆಟ್ರಾಹೈಮೀನಾ ಎಂಬ, ಲೋಮಾಂಗಗಳುಳ್ಳ ಇನ್ನೊಂದು ಏಕಕೋಶ ಜೀವಿ. ಫ್ರಾನ್ಸಿನ ಆಂದ್ರೆ ಲ್ವೋಫ್ 1923ರಲ್ಲೇ ಅದನ್ನು ಬ್ಯಾಕ್ಟೀರಿಯಾಗಳ ಹಂಗಿಲ್ಲದೆ, ಬರಿಯ ಪೋಷಕ ದ್ರಾವಣದಲ್ಲಿ ಬೆಳೆಸಿದ್ದ. 1959ರಲ್ಲಿ ಫ್ರಾಂಕ್ ಚೈಲ್ಡ್ ಅದರ ಲೋಮಾಂಗಗಳನ್ನು ಬೇರ್ಪಡಿಸಿ ಪರೀಕ್ಷಿಸಿದ. ಮುಂದೆ ಡೈಬ್ಯುಕೇನ್ ಎಂಬ ಮರಗಟ್ಟಿಸುವ ಔಷಧಿಯೇ ಈ ಕೆಲಸಕ್ಕೆ ಒದಗಿತು: ಲೋಮಾಂಗಗಳು ಉದುರುತ್ತವೆ, ಜೀವಿ ಸಾಯುವುದಿಲ್ಲ, ಹೊಸವು ಮತ್ತೆ ಹುಟ್ಟುತ್ತವೆ.

ಅದೇ 1959ರಲ್ಲಿ, ಇನ್ನೊಂದು ದಿಕ್ಕಿನಿಂದ, ಮುಖ್ಯವಾದ ಸುಳಿವು ಸಿಕ್ಕಿತು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯೊಳಗಿನ ಸಿಲಿಯೇಟ್‌ಗಳಲ್ಲಿ, ಅಂದರೆ ಲೋಮಾಂಗಗಳುಳ್ಳ ಏಕಕೋಶ ಜೀವಿಗಳಲ್ಲಿ, ಜಪಾನಿನ ಹೊರಿಗುಚಿ ಮತ್ತು ಕಂದಾತ್ಸು ಅಮೈನೊಈಥೈಲ್‌ಫಾಸ್ಫಾನಿಕ್ ಆಮ್ಲವನ್ನು ಕಂಡರು. ಅದಕ್ಕೆ ‘ಸಿಲಿಯಾಟಿನ್’ ಎಂಬ ಹೆಸರೂ ಬಂತು. ಪೊರೆಯ ಸಾಮಾನ್ಯ ಕೊಬ್ಬಾದ ಫಾಸ್ಫೊಲಿಪಿಡ್‌ನಲ್ಲಿ ರಂಜಕಕ್ಕೂ ಇಂಗಾಲಕ್ಕೂ ನಡುವೆ ಆಮ್ಲಜನಕದ ಕೊಂಡಿಯಿರುತ್ತದೆ. ಇಲ್ಲಿ ಅವೆರಡೂ ನೇರವಾಗಿ ಬೆಸೆದುಕೊಂಡಿವೆ. ಈ ಬೆಸುಗೆ ಗಟ್ಟಿ, ಬಲವಾದ ಆಮ್ಲಕ್ಕೂ ಸುಲಭವಾಗಿ ಮಣಿಯದು.

ಇಂಥ ಬೆಸುಗೆಯುಳ್ಳ ಲಿಪಿಡ್‌ಗೆ ಫಾಸ್ಫಾನೊಲಿಪಿಡ್ ಎಂದು ಹೆಸರು. ಈ ವಿಚಿತ್ರ ಲಿಪಿಡ್ ಕೋಶದಲ್ಲಿ ಎಲ್ಲಿರುತ್ತದೆ? ಕೆನೆಡಿ ಮತ್ತು ಗೈ ಥಾಂಪ್ಸನ್ 1970ರಲ್ಲಿ ಉತ್ತರ ಕೊಟ್ಟರು: ಟೆಟ್ರಾಹೈಮೀನಾದ ಹೊರಪೊರೆಗಳಲ್ಲಿ. ಮರುವರ್ಷ ನೊಜಾವಾ ಮತ್ತು ಥಾಂಪ್ಸನ್ ಕೋಶವನ್ನು ಭಾಗಭಾಗವಾಗಿ ವಿಂಗಡಿಸಿ ಅಳೆದಾಗ, ಲೋಮಾಂಗದಲ್ಲಿ ಫಾಸ್ಫಾನೊಲಿಪಿಡ್‌ನ ಪಾಲು ಇಡೀ ಕೋಶದ ಸರಾಸರಿಯ ಸುಮಾರು ಇಮ್ಮಡಿಯೆಂದು ಕಂಡಿತು. ಲೋಮಾಂಗದ ಪೊರೆ ಕೋಶದ ಹೊರಪೊರೆಯ ಮುಂದುವರಿಕೆಯೇ. ನಡುವೆ ಗೋಡೆಯೇನೂ ಇಲ್ಲ. ಆದರೂ ಕೋಶ ಲಿಪಿಡ್‌ಗಳನ್ನು ಹಂಚುವಾಗ ತಾರತಮ್ಯ ಮಾಡುತ್ತದೆ. ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಅಚ್ಚರಿಯ ಸಂಗತಿಯಿಲ್ಲ.

ಆ ಪೊರೆಯಲ್ಲಿ ಹೇರಳವಾಗಿರುವ ಮತ್ತೊಂದು ವಸ್ತು ಟೆಟ್ರಾಹೈಮನಾಲ್. ಮ್ಯಾಲರಿ, ಗಾರ್ಡನ್ ಮತ್ತು ಕಾನರ್ 1963ರಲ್ಲಿ ಬೇರ್ಪಡಿಸಿದ, ಐದು ಉಂಗುರಗಳ ಆಲ್ಕೊಹಾಲ್ ಇದು. ನಮ್ಮ ಕೋಶಗಳಲ್ಲಿ ಕೊಲೆಸ್ಟರಾಲ್ ಮಾಡುವ ಕೆಲಸ ಅಲ್ಲಿ ಇದರದು. ಆಹಾರದಲ್ಲಿ ಕೊಲೆಸ್ಟರಾಲ್‌ನಂಥದೇ ಸ್ಟೆರಾಲ್ ಆದ ಎರ್ಗೊಸ್ಟರಾಲ್ ಕೊಟ್ಟರೆ ಟೆಟ್ರಾಹೈಮೀನಾ ಇದರ ತಯಾರಿಕೆಯನ್ನು ನಿಲ್ಲಿಸಿ, ಸಿಕ್ಕಿದ್ದನ್ನೇ ಪೊರೆಗೆ ಬಳಸಿಕೊಳ್ಳುತ್ತದೆ. ಪ್ಯಾರಾಮೀಸಿಯಂಗೆ ಆ ಆಯ್ಕೆಯಿಲ್ಲ, ಸ್ಟೆರಾಲ್ ಹೊರಗಿನಿಂದಲೇ ಬರಬೇಕು. ಎಡ್ನಾ ಕನೆಶಿರೊ ಮತ್ತು ಸಂಗಡಿಗರು ಅದರ ಲೋಮಾಂಗಗಳಲ್ಲೂ ಫಾಸ್ಫಾನೊಲಿಪಿಡ್, ಸ್ಫಿಂಗೊಲಿಪಿಡ್‌ಗಳ ಹೆಚ್ಚಳವನ್ನು ತೋರಿಸಿದರು.

ಜೀವಿ ಸತ್ತ ಮೇಲೂ ಈ ಪೊರೆಯ ಗುರುತು ಉಳಿಯುತ್ತದೆ: ಟೆಟ್ರಾಹೈಮನಾಲ್ ಕೆಸರಿನಲ್ಲಿ ಹೂತು ಕಾಲಾಂತರದಲ್ಲಿ ಗ್ಯಾಮಸಿರೇನ್ ಎಂಬ ಹೈಡ್ರೊಕಾರ್ಬನ್ ಆಗುತ್ತದೆ. ಅಮೆರಿಕದ ಗ್ರೀನ್ ರಿವರ್ ಪದರಶಿಲೆಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಗ್ಯಾಮಸಿರೇನ್ ಸಿಕ್ಕಿದೆ.