ಮೊಣಕೈ ನೋವಿಗೆ ಹೆಸರಿಟ್ಟವರು ಯಾರು?

2004ರಲ್ಲಿ ಸಚಿನ್ ತೆಂಡೂಲ್ಕರ್ ಅವರ ಮೊಣಕೈ ನೋವು ದೇಶಕ್ಕೆಲ್ಲ ಸುದ್ದಿಯಾಯಿತು. 'ಟೆನಿಸ್ ಎಲ್ಬೊ' ಎಂಬ ಹೆಸರು ಮನೆಮನೆಗೂ ಮುಟ್ಟಿತು. ಕ್ರಿಕೆಟ್ ಆಟಗಾರನ ನೋವಿಗೆ ಟೆನಿಸ್ಸಿನ ಹೆಸರೇಕೆ ಎಂದು ನೀವು ಯೋಚಿಸಿದ್ದೀರಾ?

ಈ ಕಥೆ ಆಟದ ಮೈದಾನದಲ್ಲಿ ಶುರುವಾಗುವುದಿಲ್ಲ. ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದ. ವೈದ್ಯನಾದವನು ರೋಗಿಯನ್ನು 'ನಿನ್ನ ಕಸುಬೇನು?' ಎಂದೂ ಕೇಳಬೇಕು ಎಂಬುದು ಆತನ ಸಲಹೆ. 1873ರಲ್ಲಿ ಜರ್ಮನಿಯ ವೈದ್ಯ ರುಂಗೆ, ಬರವಣಿಗೆಯಿಂದ ಮೊಣಕೈಯ ಹೊರಬದಿಯಲ್ಲಿ ಬರುವ ನೋವನ್ನು ವಿವರಿಸಿದ. ಹತ್ತು ವರ್ಷಗಳ ನಂತರ, 1883ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದು ಅದೇ ನೋವನ್ನು ಲಾನ್ ಟೆನಿಸ್ ಆಟದೊಂದಿಗೆ ಸೇರಿಸಿತು. ಆಟಗಾರನ ಹೆಸರು ಉಳಿಯಿತು, ಬರೆಯುವವನು ಮರೆಯಾದ.

ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಮೂಳೆಗೆ ರಜ್ಜುವಿನಿಂದ ಅಂಟಿಕೊಂಡಿವೆ. ಬಿಗಿಯಾಗಿ ಹಿಡಿದು ತಿರುಗಿಸುವ, ಬಡಿಯುವ ಕೆಲಸ ಬಿಡುವಿಲ್ಲದೆ ನಡೆದರೆ ಆ ರಜ್ಜು ಸವೆಯುತ್ತದೆ. ರ್ಯಾಕೆಟ್ಟನ್ನೇ ಮುಟ್ಟದ ಬಡಗಿಗೂ ಪ್ಲಂಬರ್‌ಗೂ 'ಟೆನಿಸ್ ಎಲ್ಬೊ' ಬರುವುದು ಹೀಗೆ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಾರರದು ಇನ್ನೊಂದು ಬಗೆಯ ನೋವು. ತಗ್ಗಾದ ಸುರಂಗಗಳಲ್ಲಿ ಒರಗಿ, ಮೊಣಕೈ ಊರಿ ಅಗೆಯುತ್ತಿದ್ದುದರಿಂದ ಅಲ್ಲಿನ ಚರ್ಮದಡಿ ಊದಿ ಕೀವಾಗುತ್ತಿತ್ತು. ಅದನ್ನು 'ಬೀಟ್ ಎಲ್ಬೊ' ಎಂದರು. ಅಲ್ಲಿನ ಕಾರ್ಮಿಕರ ಪರಿಹಾರ ಕಾಯಿದೆ 1906ರಲ್ಲಿ ಕಸುಬಿನ ರೋಗಗಳನ್ನೂ ಒಳಗೊಂಡಿತು. 1907ರಲ್ಲಿ ಬೀಟ್ ಎಲ್ಬೊ ಆ ಪಟ್ಟಿಗೆ ಸೇರಿತು. ಹೆಸರು ಪಟ್ಟಿಗೆ ಬಂದ ಮೇಲೆ, ಕೂಲಿ ಕಳೆದುಕೊಂಡ ಗಣಿಗಾರ ಪರಿಹಾರ ಕೇಳುವಂತಾಯಿತು.

ಮೇಜಿಗೆ ಮೊಣಕೈ ಊರಿ ಗಂಟೆಗಟ್ಟಲೆ ಓದುವ ನಿಮಗೂ ಅಲ್ಲಿ ಊತ ಬರಬಹುದು. ಅದಕ್ಕೆ 'ಸ್ಟೂಡೆಂಟ್ಸ್ ಎಲ್ಬೊ' ಎಂಬ ಹೆಸರೇ ಇದೆ!

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಕಸುಬಿನ ರೋಗಗಳ ಪಟ್ಟಿಯಲ್ಲಿ ಮೊಣಕೈಯ ಈ ಎರಡೂ ಬಗೆಯ ತೊಂದರೆಗಳಿವೆ. ಆದರೆ ಪಟ್ಟಿಯೊಂದೇ ಸಾಲದು. ಈ ನೋವಿಗೆ ಮೊದಲ ಮದ್ದು ವಿಶ್ರಾಂತಿ. ತೆಂಡೂಲ್ಕರ್ ವಿಶ್ರಾಂತಿ ಪಡೆದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಆಡಿದರು. ದಿನಗೂಲಿಯವನಿಗೆ ವಿಶ್ರಾಂತಿಯೆಂದರೆ ಅಂದಿನ ಕೂಲಿ ಇಲ್ಲ. ಹಾಗಾಗಿ ನೋವು ನುಂಗಿ ದುಡಿಯುತ್ತಾನೆ, ನೋವು ಬಲಿಯುತ್ತದೆ.

ನಾಳೆ ನಿಮ್ಮಲ್ಲಿ ಯಾರಾದರೂ ವೈದ್ಯರಾದರೆ, ರಾಮಜ್ಜೀನಿಯ ಆ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ.