ಮುಂದೇನು ಎಂಬ ಪ್ರಶ್ನೆಗೆ ಒಂದು ಶತಮಾನ: ವೃತ್ತಿ ಮಾರ್ಗದರ್ಶನ ಬೆಳೆದುಬಂದ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕರ್ನಾಟಕದ ಮನೆಮನೆಯಲ್ಲೂ ಒಂದೇ ಚರ್ಚೆ: ಸೈನ್ಸೋ, ಕಾಮರ್ಸೋ, ಆರ್ಟ್ಸೋ? ಸೈನ್ಸ್ ಆದರೆ ಪಿಸಿಎಂಬಿಯೋ, ಪಿಸಿಎಂಸಿಯೋ? ಅಂಕಪಟ್ಟಿ, ಪಕ್ಕದ ಮನೆಯ ಹುಡುಗ ಸೇರಿದ ಕಾಲೇಜು, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಫೋನು, ಇಷ್ಟರ ಮೇಲೆ ತೀರ್ಮಾನ ಆಗಿಬಿಡುತ್ತದೆ. ಕೆಲವೇ ದಿನಗಳಲ್ಲಿ ತುಂಬಿದ ಅರ್ಜಿಯ ಫಲವನ್ನು ಆ ಮಗು ದಶಕಗಳ ಕಾಲ ಉಣ್ಣಬೇಕು. ಇಷ್ಟು ದೊಡ್ಡ ನಿರ್ಧಾರವನ್ನು ಹೇಗೆ ಮಾಡಬೇಕು ಎಂದು ಕ್ರಮಬದ್ಧವಾಗಿ ಯೋಚಿಸುವ ವಿದ್ಯೆಯೊಂದು ಹುಟ್ಟಿ ನೂರು ವರ್ಷ ದಾಟಿದೆ. ಒಮ್ಮೆ ಸರಿಯಾಗಿ ಆರಿಸಿಕೊಂಡರೆ ಮುಗಿಯಿತು ಎಂಬ ನಂಬಿಕೆಯಿಂದ ಹೊರಟ ಈ ವಿದ್ಯೆ, ಬದುಕಿನುದ್ದಕ್ಕೂ ಆಗಾಗ ನಿಂತು ದಾರಿ ನೋಡಿಕೊಳ್ಳುವ ಅಭ್ಯಾಸ ಬೇಕು ಎಂಬಲ್ಲಿಗೆ ಬಂದು ತಲುಪಿದೆ. ನಮ್ಮ ಮಕ್ಕಳಿಗೆ ಈ ಅಭ್ಯಾಸವನ್ನು ಕಲಿಸುವ ಕೆಲಸ ಇನ್ನೂ ಸರಿಯಾಗಿ ಶುರುವಾಗಿಲ್ಲ ಎಂಬುದೇ ಈ ಲೇಖನದ ಕಳವಳ.

ಬಾಸ್ಟನ್ನಿನ ವಲಸಿಗರ ಕೇರಿಯಲ್ಲಿ

ಅಮೆರಿಕದ ಬಾಸ್ಟನ್ ನಗರದ ನಾರ್ತ್ ಎಂಡ್ ಆಗ ಇಟಲಿಯಿಂದ, ಪೂರ್ವ ಯುರೋಪಿನಿಂದ ಬಂದ ಬಡ ವಲಸಿಗರ ಕೇರಿ. ಕೈಗೆ ಸಿಕ್ಕ ಕೆಲಸಕ್ಕೆ ಸೇರಿ, ಅಲ್ಲಿಂದ ಬಿಟ್ಟು ಮತ್ತೊಂದಕ್ಕೆ ಸೇರಿ ಅಲೆಯುವ ಹುಡುಗರು ಅಲ್ಲಿ ತುಂಬಿದ್ದರು. 1908ರ ಜನವರಿಯಲ್ಲಿ ಫ್ರಾಂಕ್ ಪಾರ್ಸನ್ಸ್ ಅಲ್ಲಿನ ಸಿವಿಕ್ ಸರ್ವಿಸ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ವೊಕೇಷನ್ ಬ್ಯೂರೊ ತೆರೆದರು. ಹಣ ಕೊಟ್ಟವರು ಪಾಲಿನ್ ಅಗಾಸಿಜ್ ಶಾ ಎಂಬ ದಾನಿ.

ಪಾರ್ಸನ್ಸ್ ಸ್ವತಃ ಹಲವು ವೃತ್ತಿಗಳನ್ನು ಹಾದುಬಂದವರು. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೆಲಸ ಕೊಟ್ಟಿದ್ದ ರೈಲ್ವೆ ಕಂಪನಿ ದಿವಾಳಿಯಾದಾಗ ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ ಮಾಡಿದರು, ಶಾಲೆಯಲ್ಲಿ ಪಾಠ ಹೇಳಿದರು, ವಕೀಲರಾದರು, ಕಾನೂನು ಬೋಧಿಸಿದರು, ಬಾಸ್ಟನ್ನಿನ ಮೇಯರ್ ಚುನಾವಣೆಗೆ ನಿಂತು ಸೋತರು. ಅವರ ವಿಧಾನಕ್ಕೆ ಮೂರು ಮೆಟ್ಟಿಲು. ಮೊದಲು ತನ್ನನ್ನು ತಾನು ಅರಿಯಬೇಕು. ಆಮೇಲೆ ಕೆಲಸಗಳ ಲೋಕವನ್ನು ಅರಿಯಬೇಕು: ಯಾವುದಕ್ಕೆ ಏನು ಓದಬೇಕು, ಎಷ್ಟು ಸಂಬಳ, ಮುಂದೆ ಏನು ಅವಕಾಶ. ಕೊನೆಗೆ ಎರಡನ್ನೂ ತೂಗಿ ನೋಡಬೇಕು.

ಬಂದವರಿಗೆ ಅವರು ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಕೊಟ್ಟು, ಮನೆಗೆ ಹೋಗಿ ನಿಧಾನವಾಗಿ ಉತ್ತರಿಸಲು ಹೇಳುತ್ತಿದ್ದರು. ಕನ್ನಡಿ ನೋಡಿಕೊಳ್ಳಿ, ನಿಮ್ಮ ದನಿ, ನಡೆನುಡಿ ಹೇಗಿದೆ ಎಂದು ಗೆಳೆಯರನ್ನು ಕೇಳಿ ತಿಳಿದುಕೊಳ್ಳಿ ಎನ್ನುತ್ತಿದ್ದರು. ಎದುರಿಗೆ ಕೂತವರ ತಲೆಯ ಆಕಾರವನ್ನು ಗಮನಿಸುವ ರೂಢಿಯೂ ಅವರಿಗಿತ್ತು. ಆ ಕಾಲದ ಆ ನಂಬಿಕೆಯನ್ನು ವಿಜ್ಞಾನ ಮುಂದೆ ತಳ್ಳಿಹಾಕಿತು. ಮೂರು ಮೆಟ್ಟಿಲು ಮಾತ್ರ ಉಳಿದವು. ಬ್ಯೂರೊ ತೆರೆದ ವರ್ಷವೇ ಪಾರ್ಸನ್ಸ್ ತೀರಿಕೊಂಡರು. ಅವರ ‘ಚೂಸಿಂಗ್ ಎ ವೊಕೇಷನ್’ ಪುಸ್ತಕ ಹೊರಬಂದದ್ದು 1909ರಲ್ಲಿ, ಅವರ ಮರಣಾನಂತರ.

ಅಳತೆಯ ಕಾಲ

ತನ್ನನ್ನು ಅರಿಯುವುದು ಹೇಗೆ ಎಂಬ ಪ್ರಶ್ನೆಗೆ ಮುಂದಿನ ತಲೆಮಾರು ಕೊಟ್ಟ ಉತ್ತರ ಪರೀಕ್ಷೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಆಲ್ಫಾ ಮತ್ತು ಬೀಟಾ ಎಂಬ ಬುದ್ಧಿಪರೀಕ್ಷೆಗಳ ಮೂಲಕ ಸುಮಾರು 17 ಲಕ್ಷ ಮಂದಿಯನ್ನು ಅಳೆಯಿತು. ಯಾರನ್ನು ಎಲ್ಲಿ ಹಾಕಬೇಕೆಂದು ಕಾಗದ, ಪೆನ್ಸಿಲಿನಿಂದ ಹೇಳಬಹುದು ಎಂಬ ಭರವಸೆ ಅಲ್ಲಿಂದ ಹಬ್ಬಿತು. 1927ರಲ್ಲಿ ಸ್ಟ್ಯಾನ್‌ಫರ್ಡಿನ ಎಡ್ವರ್ಡ್ ಸ್ಟ್ರಾಂಗ್ ಆಸಕ್ತಿಗಳನ್ನು ಅಳೆಯುವ ಪ್ರಶ್ನಾವಳಿ ತಂದರು. ಒಂದು ವೃತ್ತಿಯಲ್ಲಿ ನೆಲೆಯೂರಿದವರ ಇಷ್ಟಾನಿಷ್ಟಗಳಿಗೆ ನಿಮ್ಮವು ಎಷ್ಟು ಹೊಂದುತ್ತವೆ ಎಂದು ಹೋಲಿಸುವುದು ಅದರ ತಂತ್ರ. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಬೇರೆ ಬೇರೆಯಾಗಿದ್ದ ನಮೂನೆಗಳು ಒಂದಾದದ್ದು 1974ರಲ್ಲಿ. ಯಾವ ಕೆಲಸ ಯಾರಿಗೆ ಎಂಬ ಸಮಾಜದ ಕಟ್ಟುಪಾಡು ಅಳತೆಗೋಲಿನೊಳಗೂ ಅಷ್ಟು ಕಾಲ ಕೂತಿತ್ತು.

ಈ ಅಳತೆಯ ಅಲೆ ನಮ್ಮ ನಾಡಿಗೂ ಬಂತು. ವಿ. ವಿ. ಕಾಮತ್ 1930ರ ದಶಕದಲ್ಲಿ ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು.

ಮನುಷ್ಯನಿಗೂ ಕೆಲಸಕ್ಕೂ ಜೋಡಿ ಹುಡುಕುವ ಈ ಪಂಥ ಗಟ್ಟಿಯಾದದ್ದು ಜಾನ್ ಹಾಲೆಂಡ್ ಅವರಿಂದ. ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಸೇರುವವರನ್ನು ಸಂದರ್ಶಿಸುತ್ತಿದ್ದ ಹಾಲೆಂಡ್, ಜನರ ಕೆಲಸದ ಚರಿತ್ರೆಗಳು ಕೆಲವೇ ಮಾದರಿಗಳಲ್ಲಿ ಸೇರಿಕೊಳ್ಳುವುದನ್ನು ಕಂಡಿದ್ದರು. 1959ರಲ್ಲಿ ಅವರು ಮಂಡಿಸಿದ ಸಿದ್ಧಾಂತ ಆರು ಬಗೆಗಳಾಗಿ ನೆಲೆಗೊಂಡಿತು: ಕೈಯಿಂದ ಮಾಡಿ ನೋಡುವವರು, ಹುಡುಕಿ ತಿಳಿಯುವವರು, ಕಲೆಯಲ್ಲಿ ಮನಸ್ಸಿಟ್ಟವರು, ಜನರಿಗೆ ನೆರವಾಗುವವರು, ಮುಂದೆ ನಿಂತು ನಡೆಸುವವರು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುವವರು. ಇಂದು ಯಾವುದೇ ಆಸಕ್ತಿ ಪರೀಕ್ಷೆ ಬರೆದರೂ ಬಹುತೇಕ ಈ ಆರರ ನೆರಳು ಅದರಲ್ಲಿರುತ್ತದೆ.

ಒಂದು ಆಯ್ಕೆಯಿಂದ ಇಡೀ ಬದುಕಿಗೆ

ಹದಿನೆಂಟಕ್ಕೆ ಹೊಂದಿದ ಕೆಲಸ ನಲವತ್ತಕ್ಕೂ ಹೊಂದುತ್ತದೆಯೇ? ಈ ಪ್ರಶ್ನೆ ಎತ್ತಿದವರು ಡೊನಾಲ್ಡ್ ಸೂಪರ್. 1950ರ ದಶಕದಲ್ಲಿ ಅವರು ವೃತ್ತಿಜೀವನವನ್ನು ಬೆಳವಣಿಗೆ, ಹುಡುಕಾಟ, ನೆಲೆಯೂರುವಿಕೆ, ಕಾಪಾಡಿಕೊಳ್ಳುವಿಕೆ, ಹಿಂದೆ ಸರಿಯುವಿಕೆ ಎಂಬ ಐದು ಹಂತಗಳಲ್ಲಿ ವಿವರಿಸಿದರು. 1980ರಲ್ಲಿ ಕೊಟ್ಟ ‘ಬದುಕಿನ ಕಾಮನಬಿಲ್ಲು’ ಚಿತ್ರದಲ್ಲಿ ದುಡಿಯುವವನ ಪಾತ್ರದ ಪಕ್ಕದಲ್ಲೇ ಮಗ ಅಥವಾ ಮಗಳು, ವಿದ್ಯಾರ್ಥಿ, ಪೋಷಕ, ನಾಗರಿಕ ಮುಂತಾದ ಪಾತ್ರಗಳನ್ನೂ ಇಟ್ಟರು. ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಬಡ್ತಿ ಬಿಟ್ಟು ಊರಿಗೆ ವರ್ಗ ಕೇಳಿದವರು ಸೋತವರಲ್ಲ, ಆ ಹೊತ್ತಿಗೆ ಒಂದು ಪಾತ್ರವನ್ನು ಮುಂದಕ್ಕೆ ತಂದುಕೊಂಡವರು ಎಂದು ಈ ಚಿತ್ರದ ಮೂಲಕ ಹೇಳಬಹುದು.

ಸೂಪರ್ ಅವರ ಹಂತಗಳು ಬೆಂಗಳೂರಿನ ಒಂದು ತಲೆಮಾರಿಗೆ ಅಳತೆ ಕೊಟ್ಟು ಹೊಲಿಸಿದಂತಿದ್ದವು. 1940ರಲ್ಲಿ ಹುಟ್ಟಿದ ಎಚ್‌ಎಎಲ್, 1948ರ ಟೆಲಿಫೋನ್ ಕಾರ್ಖಾನೆ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್. ಇಲ್ಲಿಗೆ ಒಮ್ಮೆ ಸೇರಿದರೆ ಕ್ವಾರ್ಟರ್ಸು, ಕ್ಯಾಂಟೀನು, ಕಾರ್ಖಾನೆಯ ಬಸ್ಸು, ನಿವೃತ್ತಿಯವರೆಗೆ ನಿಶ್ಚಿಂತೆ. ಆ ನಿಶ್ಚಿಂತೆ ಉಳಿಯಲಿಲ್ಲ. ಮನೆಮನೆಯ ಮಣಿಕಟ್ಟಿನಲ್ಲಿದ್ದ ಎಚ್‌ಎಂಟಿ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಆಕಸ್ಮಿಕವನ್ನೂ ಲೆಕ್ಕಕ್ಕೆ ತೆಗೆದುಕೊಂಡವರು

ಕೆಲಸಗಳೇ ಅಸ್ಥಿರವಾದಾಗ ಸಿದ್ಧಾಂತವೂ ಬದಲಾಗಬೇಕಾಯಿತು. ವೃತ್ತಿಯ ಚುಕ್ಕಾಣಿ ಸಂಸ್ಥೆಯ ಕೈಯಲ್ಲಿರದೆ ವ್ಯಕ್ತಿಯ ಕೈಯಲ್ಲಿರಬೇಕು ಎಂದು ಡಗ್ಲಸ್ ಹಾಲ್ 1976ರಷ್ಟು ಹಿಂದೆಯೇ ವಾದಿಸಿದ್ದರು. ಅತ್ತ ರಿಚರ್ಡ್ ಬೋಲ್ಸ್ ಎಂಬ ಪಾದ್ರಿ, ಕೆಲಸ ಕಳೆದುಕೊಳ್ಳುತ್ತಿದ್ದ ತಮ್ಮಂಥವರಿಗೆ ನೆರವಾಗಲೆಂದು 1970ರಲ್ಲಿ ತಾವೇ ಅಚ್ಚುಹಾಕಿಸಿದ ‘ವಾಟ್ ಕಲರ್ ಈಸ್ ಯುವರ್ ಪ್ಯಾರಾಶೂಟ್?’ ಜಗತ್ತಿನಾದ್ಯಂತ ಮಾರಾಟವಾಯಿತು.

ನನ್ನ ಮಟ್ಟಿಗೆ ಈ ಚರಿತ್ರೆಯ ಮುಖ್ಯ ತಿರುವು ಜಾನ್ ಕ್ರಂಬೋಲ್ಟ್ಸ್. ಅಯೋವಾದ ಕೋ ಕಾಲೇಜಿನಲ್ಲಿ ಓದುತ್ತಿದ್ದ ಅವರಿಗೆ ಮುಖ್ಯ ವಿಷಯ ಯಾವುದೆಂದು ತಿಳಿಸಬೇಕಾದ ಗಡುವು ಬಂದಾಗ ಏನೂ ತೋಚಲಿಲ್ಲ. ಪರಿಚಯವಿದ್ದ ಟೆನಿಸ್ ತರಬೇತುದಾರರನ್ನು ಕೇಳಿದರು. ಆ ತರಬೇತುದಾರರು ಮನಶ್ಶಾಸ್ತ್ರದ ಮೇಷ್ಟರೂ ಆಗಿದ್ದರು. ಸಲಹೆಯೂ ಹಾಗೇ ಬಂತು. ಮುಂದೆ ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕರಾದ ಕ್ರಂಬೋಲ್ಟ್ಸ್, ಆಕಸ್ಮಿಕ ಬಹುತೇಕ ಎಲ್ಲರ ವೃತ್ತಿಯಲ್ಲೂ ಇರುತ್ತದೆ, ಅದನ್ನು ಮುಚ್ಚಿಡುವ ಬದಲು ಅದಕ್ಕೆ ಸಿದ್ಧರಾಗೋಣ ಎಂದರು. 1999ರಲ್ಲಿ ಕ್ಯಾತ್ಲೀನ್ ಮಿಚೆಲ್, ಆಲ್ ಲೆವಿನ್ ಜೊತೆ ಮಂಡಿಸಿದ ‘ಯೋಜಿತ ಆಕಸ್ಮಿಕ’ದ ವಿಚಾರದಲ್ಲಿ ಬೆಳೆಸಿಕೊಳ್ಳಬೇಕಾದ ಐದು ಗುಣಗಳನ್ನು ಹೆಸರಿಸಿದರು: ಕುತೂಹಲ, ಪಟ್ಟುಬಿಡದಿರುವುದು, ಒಗ್ಗಿಕೊಳ್ಳುವುದು, ಭರವಸೆ, ಫಲ ಖಚಿತವಿಲ್ಲದಾಗಲೂ ಹೆಜ್ಜೆ ಇಡುವ ಧೈರ್ಯ. ಬೀದಿಯಲ್ಲಿ ಸಿಕ್ಕವರ ಮಾತು ಕೇಳಿ ತೇಲುವುದಕ್ಕೂ, ನಾಲ್ಕು ಕಡೆ ಹೋಗಿ, ನಾಲ್ಕು ಜನರನ್ನು ಕೇಳಿ, ಸಣ್ಣದಾಗಿ ಮಾಡಿ ನೋಡಿ ಅವಕಾಶವನ್ನು ಬರಮಾಡಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಯಿತು.

ಮಾರ್ಕ್ ಸವಿಕಾಸ್ ಇದನ್ನು ಕಥೆಯ ದಾರಿಯಲ್ಲಿ ಬೆಳೆಸಿದರು. ಬಂದವರಿಗೆ ಅಂಕ ಕೊಡುವ ಬದಲು ಅವರು ಸರಳ ಪ್ರಶ್ನೆಗಳನ್ನು ಕೇಳುತ್ತಾರೆ. ಚಿಕ್ಕವರಿದ್ದಾಗ ಯಾರನ್ನು ಮೆಚ್ಚಿಕೊಂಡಿದ್ದಿರಿ? ಯಾವ ಪತ್ರಿಕೆ, ಯಾವ ಟಿವಿ ಕಾರ್ಯಕ್ರಮ ಬಿಡದೆ ನೋಡುತ್ತೀರಿ? ಇಷ್ಟದ ಕಥೆ ಯಾವುದು? ಆಗಾಗ ನೆನಪಾಗುವ ಮಾತು? ಬಾಲ್ಯದ ಮೊದಲ ನೆನಪುಗಳೇನು? ಮೆಚ್ಚಿದ ವ್ಯಕ್ತಿಯಲ್ಲಿ ನಾವು ಕಂಡ ಗುಣಗಳು ನಾವು ಆಗಬಯಸಿದ ಗುಣಗಳೇ ಎಂಬುದು ಅವರ ತರ್ಕ. ಅಜ್ಜಿಯ ಸೂಲಗಿತ್ತಿತನವನ್ನು ಮೆಚ್ಚಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳನ್ನು ಹಿಡಿದಿಟ್ಟದ್ದು ವೈದ್ಯಕೀಯವೋ, ಅಪರಾತ್ರಿಯಲ್ಲಿ ಕರೆದರೂ ಹೊರಡುವ ಆ ಧೈರ್ಯವೋ? ಉತ್ತರ ಎರಡನೆಯದಾದರೆ ಅವಳ ಮುಂದೆ ನೀಟ್ ಒಂದೇ ಅಲ್ಲ, ಹತ್ತು ಬಾಗಿಲುಗಳಿವೆ.

ಆಯ್ಕೆಯೇ ಇಲ್ಲದವರ ಪ್ರಶ್ನೆ

ಈ ಎಲ್ಲ ಸಿದ್ಧಾಂತಗಳ ಮೇಲೆ ಗಂಭೀರ ಆಕ್ಷೇಪವೊಂದಿದೆ. ಬಹುಪಾಲು ಯುವಜನರು ಕೆಲಸವನ್ನು ಆರಿಸುವುದಿಲ್ಲ, ಸಿಕ್ಕಿದ್ದನ್ನು ಹಿಡಿಯುತ್ತಾರೆ; ಹುಟ್ಟಿದ ಮನೆ, ಓದಿದ ಶಾಲೆ, ಊರಿನಲ್ಲಿರುವ ಉದ್ಯೋಗಗಳೇ ದಾರಿ ನಿರ್ಧರಿಸುತ್ತವೆ ಎಂದು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಕೆನ್ ರಾಬರ್ಟ್ಸ್ ವಾದಿಸಿದರು. 1981ರಲ್ಲಿ ಲಿಂಡಾ ಗಾಟ್‌ಫ್ರೆಡ್ಸನ್, ಇದು ಹುಡುಗರ ಕೆಲಸ, ಇದು ನಮ್ಮಂಥವರಿಗಲ್ಲ ಎಂದು ಮಕ್ಕಳು ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ ಎಷ್ಟೋ ವೃತ್ತಿಗಳನ್ನು ಮನಸ್ಸಿನಿಂದ ಕಿತ್ತುಹಾಕುತ್ತಾರೆ ಎಂದರು. ಅದೇ ವರ್ಷ ಗೇಲ್ ಹ್ಯಾಕೆಟ್ ಮತ್ತು ನ್ಯಾನ್ಸಿ ಬೆಟ್ಜ್, ಹೆಣ್ಣುಮಕ್ಕಳನ್ನು ತಡೆಯುವುದು ಸಾಮರ್ಥ್ಯದ ಕೊರತೆಗಿಂತ ‘ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಕೊರತೆ, ಆ ನಂಬಿಕೆ ಬೆಳೆಯುವ ಅವಕಾಶಗಳೇ ಅವರಿಗೆ ಸಿಗುತ್ತಿಲ್ಲ ಎಂದು ತೋರಿಸಿದರು. ಹಾಗಾಗಿ ಹದಿನಾರನೇ ವಯಸ್ಸಿಗೆ ಸಲಹೆ ಶುರು ಮಾಡಿದರೆ ತಡವಾಯಿತೆಂದೇ ಅರ್ಥ.

ಭಾರತದ ದಾರಿ

ಯಾರು ಯಾವ ಕೆಲಸ ಮಾಡಬೇಕೆಂದು ಹುಟ್ಟೇ ಹೇಳುತ್ತಿದ್ದ ದೇಶ ನಮ್ಮದು. ಇಲ್ಲಿ ವೃತ್ತಿ ಮಾರ್ಗದರ್ಶನಕ್ಕೆ ಅನುಕೂಲ ಒದಗಿಸುವುದಷ್ಟೇ ಕೆಲಸವಲ್ಲ. ಜಾತಿ ಹಾಕಿದ ಗೆರೆಯ ಆಚೆಗೂ ನೋಡಲು ಕಲಿಸುವುದು ಅದರ ಹೊಣೆ. ಕಲ್ಕತ್ತಾ ವಿಶ್ವವಿದ್ಯಾಲಯ 1938ರಲ್ಲಿ ಈ ದಿಕ್ಕಿನಲ್ಲಿ ಕೆಲಸ ಆರಂಭಿಸಿತು. 1940ರ ದಶಕದಲ್ಲಿ ಮುಂಬಯಿಯಲ್ಲಿ ಖಾಸಗಿ ಬ್ಯೂರೊಗಳು ಹುಟ್ಟಿದವು. ಮಹಾಯುದ್ಧ ಮುಗಿಸಿ ಮರಳಿದ ಸೈನಿಕರಿಗೆ ಕೆಲಸ ಕೊಡಿಸಲು 1945ರಲ್ಲಿ ಶುರುವಾದ ಉದ್ಯೋಗ ವಿನಿಮಯ ಕೇಂದ್ರಗಳು ಆಮೇಲೆ ಎಲ್ಲರಿಗೂ ತೆರೆದುಕೊಂಡವು. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಹೆಸರು ಬರೆಸಿ, ಕಾರ್ಡು ನವೀಕರಿಸುತ್ತ, ಕರೆ ಬರುತ್ತದೆಂದು ವರ್ಷಗಟ್ಟಲೆ ಕಾದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಮಾರ್ಗದರ್ಶನ ಎಂದರೆ ನೋಂದಣಿ ಎಂಬ ಗ್ರಹಿಕೆ ಅಲ್ಲಿಂದ ಗಟ್ಟಿಯಾಯಿತು.

1964–66ರ ಕೊಠಾರಿ ಆಯೋಗ, ಮಾರ್ಗದರ್ಶನ ಶಿಕ್ಷಣದ ಅವಿಭಾಜ್ಯ ಅಂಗ, ಪ್ರಾಥಮಿಕ ಶಾಲೆಯಿಂದಲೇ ಅದು ಶುರುವಾಗಬೇಕು ಎಂದು ಹೇಳಿತ್ತು. 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆ ಎಂಬ ಕೇಂದ್ರ ಸರ್ಕಾರದ ಉದ್ಯೋಗ, ಮಾರ್ಗದರ್ಶನ ಜಾಲತಾಣ ಬಂತು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಗಿಡಿಯನ್ ಅರುಳ್‌ಮಣಿ, ಪಶ್ಚಿಮದ ಮಾದರಿಗಳನ್ನು ಹಾಗೇ ಎತ್ತಿ ತಂದರೆ ಸಾಲದು, ವೃತ್ತಿಯ ಬಗ್ಗೆ ಕುಟುಂಬಗಳಲ್ಲಿ ಬೇರೂರಿದ ನಂಬಿಕೆಗಳಿಂದಲೇ ಹೊರಡಬೇಕು ಎಂದು ವಾದಿಸುತ್ತ ಬಂದಿದ್ದಾರೆ. ಓದಿಗಿಂತ ಬೇಗ ದುಡಿಯುವುದು ಲೇಸು ಎಂದು ನಂಬುವ ಬಡ ಮನೆಗೆ ಹೋಗಿ ಆರು ಬಗೆಯ ವ್ಯಕ್ತಿತ್ವ ವಿವರಿಸಿದರೆ ಪ್ರಯೋಜನವಿಲ್ಲ. ಆ ನಂಬಿಕೆಯ ಹಿಂದಿನ ಲೆಕ್ಕವನ್ನು ಗೌರವದಿಂದ ಕೇಳಿಸಿಕೊಂಡು, ಡಿಪ್ಲೊಮಾ, ಐಟಿಐ, ವಿದ್ಯಾರ್ಥಿವೇತನ, ದುಡಿಯುತ್ತಲೇ ಓದುವ ದಾರಿಗಳನ್ನು ಮುಂದಿಡಬೇಕು.

ಇಂದು ಮಾಡಬಹುದಾದದ್ದು

ಈ ಚರಿತ್ರೆಯಿಂದ ಸಾಮಾನ್ಯ ಓದುಗರು ಎತ್ತಿಕೊಳ್ಳಬಹುದಾದ ಕ್ರಮ ಸರಳ. ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬರೆಯಿರಿ: ಈ ವರ್ಷ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಹೊಸದಾಗಿ ಏನು ಕಲಿತೆ, ಮನೆಯ ಹೊಣೆ ಎಲ್ಲಿ ಬದಲಾಯಿತು. ಹೋಗಬಯಸುವ ಕ್ಷೇತ್ರದಲ್ಲಿ ಈಗಾಗಲೇ ಇರುವ ಇಬ್ಬರ ಜೊತೆ ಕೂತು ಅವರ ದಿನಚರಿ ಹೇಗಿದೆ ಎಂದು ಕೇಳಿ. ಇರುವ ಕೆಲಸ ಬಿಡುವ ಮುಂಚೆ ರಜೆಯಲ್ಲಿ ಹೊಸದನ್ನು ಸಣ್ಣದಾಗಿ ಮಾಡಿ ನೋಡಿ. ಸ್ಟ್ಯಾನ್‌ಫರ್ಡಿನ ಬಿಲ್ ಬರ್ನೆಟ್, ಡೇವ್ ಇವಾನ್ಸ್ 2016ರ ತಮ್ಮ ಪುಸ್ತಕದಲ್ಲಿ ಮುಂದಿನ ಐದು ವರ್ಷಕ್ಕೆ ಮೂರು ಬೇರೆ ಬೇರೆ ಯೋಜನೆ ಬರೆಯಲು ಹೇಳುತ್ತಾರೆ. ಒಂದೇ ದಾರಿ ಎಂದು ಹಟ ಹಿಡಿದವರಿಗೆ ಅದು ಕುಸಿದಾಗ ಕಾಲಿಡಲು ನೆಲ ಸಿಗುವುದಿಲ್ಲ.

ಆದರೆ ಇದನ್ನೆಲ್ಲ ತಾನೇ ಓದಿ ಮಾಡಿಕೊಳ್ಳುವ ಶಕ್ತಿ ಇರುವವರಿಗೆ ಫೋನು ಮಾಡಲು ಒಬ್ಬ ಚಿಕ್ಕಪ್ಪನೂ ಇರುತ್ತಾನೆ. ಈ ವಿದ್ಯೆ ಹುಟ್ಟಿದ್ದು ಹಾಗೆ ಯಾರೂ ಇಲ್ಲದ ಮಕ್ಕಳಿಗಾಗಿ. ಇಂದು ನಮ್ಮ ನಗರಗಳಲ್ಲಿ ಅದು ದುಬಾರಿ ಶುಲ್ಕದ ಸೇವೆಯಾಗಿ, ಅಗತ್ಯ ಅತ್ಯಂತ ಕಡಿಮೆ ಇರುವವರಿಗೇ ಮೊದಲು ಸಿಗುತ್ತಿದೆ. ಪ್ರತಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, ಪಿಯು ಕಾಲೇಜುಗಳಿಗೆ ತರಬೇತಿ ಪಡೆದ ಒಬ್ಬ ಮಾರ್ಗದರ್ಶಕರನ್ನು ಕೊಡುವುದು, ಏಳನೇ ತರಗತಿಯಿಂದಲೇ ಮಕ್ಕಳನ್ನು ಆಸ್ಪತ್ರೆ, ವರ್ಕ್‌ಶಾಪು, ಬ್ಯಾಂಕು, ಕೃಷಿ ಸಂಶೋಧನಾ ಕೇಂದ್ರಗಳಿಗೆ ಕರೆದೊಯ್ದು ಕೆಲಸ ಮಾಡುವವರ ಜೊತೆ ಮಾತಾಡಿಸುವುದು ಅಸಾಧ್ಯದ ಮಾತಲ್ಲ. ಕೊಠಾರಿ ಆಯೋಗ ಹೇಳಿ ಅರುವತ್ತು ವರ್ಷವಾಗಿದೆ. ನಮ್ಮ ಶಿಕ್ಷಣ ಇಲಾಖೆ, ಶಾಲಾಭಿವೃದ್ಧಿ ಸಮಿತಿಗಳು, ಹಳೆಯ ವಿದ್ಯಾರ್ಥಿ ಸಂಘಗಳು ಈ ಕೆಲಸವನ್ನು ಮುಂದಿನ ಫಲಿತಾಂಶದ ವಾರದವರೆಗೂ ಕಾಯದೆ ಕೈಗೆತ್ತಿಕೊಳ್ಳಬೇಕು.