ಮಿದುಳಿನ ಗೆಡ್ಡೆ: ಮುನ್ಸೂಚನೆ ನೀಡುವ ವಂಶವಾಹಿಗಳು

ಮಿದುಳಿನಲ್ಲಿ ಗೆಡ್ಡೆ ಇದೆಯೆಂದು ತಿಳಿದೊಡನೆ ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ 'ಮುಂದೇನು?' ಎಂಬುದು. ಸೂಕ್ಷ್ಮದರ್ಶಕದಡಿ ಒಂದೇ ತೆರನಾಗಿ ಕಾಣುವ ಎರಡು ಗೆಡ್ಡೆಗಳಲ್ಲಿ ಒಂದು ವರ್ಷಗಟ್ಟಲೆ ನಿಧಾನವಾಗಿ ಬೆಳೆದರೆ, ಇನ್ನೊಂದು ಕೆಲವೇ ತಿಂಗಳುಗಳಲ್ಲಿ ಜೀವಕ್ಕೆ ಎರವಾಗಬಹುದು. ಈ ವ್ಯತ್ಯಾಸದ ಗುಟ್ಟು ಬಹುಮಟ್ಟಿಗೆ ಗೆಡ್ಡೆಯ ಜೀವಕೋಶಗಳ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿದೆ ಎಂಬುದನ್ನು ಸಂಶೋಧನೆಗಳು ತೋರಿಸಿಕೊಟ್ಟಿವೆ.

ಐಡಿಎಚ್ ಎಂಬ ಗುರುತು

ನರಕೋಶಗಳಿಗೆ ಆಸರೆಯಾದ ಗ್ಲಿಯಾ ಕೋಶಗಳನ್ನು ಹೋಲುವ ಗೆಡ್ಡೆಗಳಿಗೆ ಗ್ಲಯೋಮಾ ಎಂದು ಹೆಸರು. ಇವುಗಳಲ್ಲಿ ಅತ್ಯಂತ ಉಗ್ರವಾದುದು ಗ್ಲಯೋಬ್ಲಾಸ್ಟೋಮಾ. 2008ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡವು ಇಂತಹ 22 ಗೆಡ್ಡೆಗಳ ವಂಶವಾಹಿಗಳನ್ನು ಪರಿಶೀಲಿಸಿದಾಗ, ಕೆಲವುಗಳಲ್ಲಿ ಐಡಿಎಚ್-1 ಎಂಬ ಜೀನ್ ರೂಪಾಂತರಗೊಂಡಿರುವುದು ಕಂಡುಬಂತು. ಈ ಬದಲಾವಣೆಯುಳ್ಳ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂಬುದು 2009ರ ಅಧ್ಯಯನದಲ್ಲಿ ದೃಢಪಟ್ಟಿತು. ಅವರ ಮಧ್ಯಮ ಬದುಕುಳಿಯುವ ಅವಧಿ 31 ತಿಂಗಳಾದರೆ, ಉಳಿದವರದು 15 ತಿಂಗಳು.

ವಿಚಿತ್ರವೆಂದರೆ ಗೆಡ್ಡೆಯ ಹುಟ್ಟಿಗೂ ಇದೇ ಬದಲಾವಣೆ ಕಾರಣವಾಗುತ್ತದೆ. ರೂಪಾಂತರಗೊಂಡ ಕಿಣ್ವವು ಉತ್ಪಾದಿಸುವ ಹೈಡ್ರಾಕ್ಸಿಗ್ಲುಟರೇಟ್ ಎಂಬ ರಾಸಾಯನಿಕವು ಕೋಶಗಳು ಪಕ್ವವಾಗುವುದನ್ನು ತಡೆಯುತ್ತದೆ.

ಔಷಧಕ್ಕೆ ಸ್ಪಂದನೆ

ಎಂಜಿಎಂಟಿ ಎಂಬ ಇನ್ನೊಂದು ಜೀನ್, ಟೆಮೊಝೊಲೊಮೈಡ್ ಔಷಧವು ಡಿಎನ್ಎಗೆ ಮಾಡುವ ಹಾನಿಯನ್ನು ದುರಸ್ತಿಗೊಳಿಸುತ್ತದೆ. ಗೆಡ್ಡೆಯಲ್ಲಿ ಈ ಜೀನ್ ಸ್ತಬ್ಧಗೊಂಡಿದ್ದರೆ ಔಷಧ ಹೆಚ್ಚು ಫಲ ನೀಡುತ್ತದೆ ಎಂಬುದು 2005ರಲ್ಲಿ ತಿಳಿದುಬಂತು.

ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಮಿದುಳಿನ ಗೆಡ್ಡೆಗಳ ವರ್ಗೀಕರಣಕ್ಕೆ ಜೀನ್ ಪರೀಕ್ಷೆಯನ್ನು ಸೇರಿಸಿತು. 2021ರ ಆವೃತ್ತಿಯ ಪ್ರಕಾರ ಐಡಿಎಚ್ ರೂಪಾಂತರವುಳ್ಳ ಗೆಡ್ಡೆಯನ್ನು ಗ್ಲಯೋಬ್ಲಾಸ್ಟೋಮಾ ಎಂದು ಕರೆಯುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಗ್ಲಯೋಮಾದ ಜೀನ್ ಗುರುತುಗಳ ಕುರಿತು ಅಧ್ಯಯನ ನಡೆಸಿದ್ದಾರೆ.

ಈ ಅರಿವು ಚಿಕಿತ್ಸೆಗೂ ದಾರಿ ತೋರಿದೆ. ರೂಪಾಂತರಗೊಂಡ ಐಡಿಎಚ್ ಕಿಣ್ವವನ್ನು ತಡೆಯುವ ವೊರಾಸಿಡೆನಿಬ್ ಮಾತ್ರೆಗೆ 2024ರಲ್ಲಿ ಅಮೆರಿಕ ಅನುಮೋದನೆ ನೀಡಿತು. ನಿಧಾನವಾಗಿ ಬೆಳೆಯುವ ಗ್ಲಯೋಮಾಗಳ ಮೇಲಿನ ಪ್ರಯೋಗದಲ್ಲಿ ರೋಗ ಉಲ್ಬಣಿಸದೆ ಕಳೆದ ಮಧ್ಯಮ ಅವಧಿ 11.1 ತಿಂಗಳಿನಿಂದ 27.7 ತಿಂಗಳಿಗೆ ಏರಿತ್ತು.

ಮಕ್ಕಳಿಗೆ ಬರುವುದೇ?

ವಂಶವಾಹಿ ಎಂಬ ಪದ ಕೇಳಿದೊಡನೆ ರೋಗವು ಮಕ್ಕಳಿಗೂ ಬಂದೀತೆಂದು ಆತಂಕಪಡುವುದು ಸಹಜ. ಆದರೆ ಮೇಲೆ ಹೇಳಿದ ಬದಲಾವಣೆಗಳು ಸಾಮಾನ್ಯವಾಗಿ ಗೆಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತವೆ. ಹೆತ್ತವರಿಂದ ಬಂದವಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ನ್ಯೂರೋಫೈಬ್ರೊಮಟೋಸಿಸ್, ಲಿ-ಫ್ರೌಮೆನಿಯಂತಹ ವಿರಳ ಆನುವಂಶಿಕ ಕಾಯಿಲೆಗಳಿರುವ ಕುಟುಂಬಗಳಲ್ಲಿ ಮಾತ್ರ ಅಪಾಯ ಹೆಚ್ಚು.

ಇನ್ನೊಂದು ಮಾತನ್ನೂ ಮರೆಯಬಾರದು. ಮಧ್ಯಮ ಅವಧಿ ಎಂದರೆ ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದಾರೆ ಎಂದರ್ಥ. ಅದು ಒಂದು ಗುಂಪಿನ ಲೆಕ್ಕವೇ ಹೊರತು ಯಾವೊಬ್ಬರಿಗೂ ವಿಧಿಸಿದ ಗಡುವಲ್ಲ.